ತೊಡೆಸಂದಿನ ಗಂಟನ್ನು ಮುಚ್ಚಿಡಬೇಡಿ: ಹರ್ನಿಯಾ ಗುರುತಿಸುವುದರಿಂದ ಆಪರೇಷನ್ ಮುಗಿಸಿ ಏಳುವವರೆಗೆ

ಅಪ್ಪ ಸಂಜೆ ತೋಟದಿಂದ ಬಂದ ಕೂಡಲೇ ಜಗಲಿ ಮೇಲೆ ಅಂಗಾತ ಮಲಗಿಬಿಡುತ್ತಿದ್ದರು. ಒಂದು ಕೈ ಯಾವಾಗಲೂ ತೊಡೆಸಂದಿನ ಮೇಲೆ. ದಣಿವಿರಬೇಕು ಅಂದುಕೊಂಡು ನಾವು ಸುಮ್ಮನಿದ್ದೆವು. ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆ ನಮ್ಮದು, ಮೂಟೆ ಎತ್ತುವುದು ಇಳಿಸುವುದು ವರ್ಷವಿಡೀ ಇದ್ದದ್ದೇ, ಅದರ ಜೊತೆಗೆ ಅಪ್ಪನಿಗೆ ಬೀಡಿಯ ಕೆಮ್ಮು ಬೇರೆ. ಆರು ವರ್ಷ ಹೀಗೇ ಕಳೆಯಿತು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಎದ್ದು ಕೂತು ನರಳತೊಡಗಿದರು. ದಿನಾ ರಾತ್ರಿ ಮಲಗಿ ಕೈಯಿಂದ ಒಳಗೆ ತಳ್ಳಿಕೊಳ್ಳುತ್ತಿದ್ದ ಗಂಟು ಆವತ್ತು ಒಳಗೆ ಹೋಗಲಿಲ್ಲ. ಕಲ್ಲಿನ ಹಾಗೆ ಗಟ್ಟಿ. ಎರಡು ಸಲ ವಾಂತಿ. ಅಂಥದ್ದೊಂದು ಗಂಟಿದೆ ಅಂತ ಅಮ್ಮನಿಗೂ ನನಗೂ ಗೊತ್ತಾದದ್ದೇ ಆವಾಗ.

ದಾವಣಗೆರೆ ಮುಟ್ಟುವಾಗ ಒಂದೂವರೆ ಆಗಿತ್ತು. ಸರ್ಜನ್ ಬಿಚ್ಚಿ ನೋಡಿದಾಗ ಸಿಕ್ಕಿಹಾಕಿಕೊಂಡ ಕರುಳು ನೇರಳೆ ಬಣ್ಣಕ್ಕೆ ತಿರುಗಿತ್ತಂತೆ. ಬಿಗಿ ಬಿಡಿಸಿ, ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಬಣ್ಣ ಮರಳುತ್ತದಾ ಅಂತ ಕಾದರಂತೆ. ಮರಳಿತು. ಮರಳದಿದ್ದರೆ ಅಷ್ಟು ಉದ್ದದ ಕರುಳನ್ನು ಕತ್ತರಿಸಿ ತೆಗೆಯಬೇಕಿತ್ತು. ಎಚ್ಚರವಾದ ಮೇಲೆ ನಾನು ಕೇಳಿದ್ದು ಒಂದೇ, ಯಾಕೆ ಹೇಳಲಿಲ್ಲ ಅಂತ. "ಆ ಜಾಗದ್ದನ್ನ ಯಾರ ಮುಂದೆ ಹೆಂಗಪ್ಪಾ ಹೇಳ್ಲಿ" ಅಂದರು.

ಎರಡು ವರ್ಷ ಆದ ಮೇಲೆ ನನಗೂ ಬಂತು. ಅದೇ ಬಲಗಡೆ. ನಾನು ಮೂರನೇ ದಿನಕ್ಕೆ ತೋರಿಸಿದೆ, ನನಗೆ ಅನುಕೂಲವಾದ ತಾರೀಖು ನೋಡಿಕೊಂಡು ಆಪರೇಷನ್ ಮಾಡಿಸಿಕೊಂಡೆ, ಮಾರನೇ ದಿನ ಮನೆಗೆ ಬಂದೆ. ಕಾಯಿಲೆ ಒಂದೇ, ದಾರಿ ಎರಡು. ನೀವು ಎರಡನೇ ದಾರಿ ಹಿಡಿಯಲಿ ಅಂತ ಇಷ್ಟನ್ನೂ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಅಪ್ಪನ ಪಕ್ಕ ಕೂತು, ಆಮೇಲೆ ನಾನೇ ಮಲಗಿ, ಕೇಳಿ ಓದಿ ತಿಳಿದುಕೊಂಡದ್ದು ಇದು.

1. ಮೊದಲು ಅದೇನು ಅಂತ ಅರ್ಥ ಮಾಡಿಕೊಳ್ಳಿ

ಯೂರಿಯಾ ಚೀಲ ನೋಡಿದ್ದೀರಲ್ವಾ. ಹೊರಗೆ ದಪ್ಪ ನೇಯ್ಗೆಯ ಚೀಲ, ಒಳಗೆ ತೆಳು ಪ್ಲಾಸ್ಟಿಕ್ ಚೀಲ. ಹೊರಚೀಲದ ಹೊಲಿಗೆ ಒಂದು ಕಡೆ ಬಿಟ್ಟರೆ ಏನಾಗುತ್ತದೆ? ಒಳಗಿನ ಪ್ಲಾಸ್ಟಿಕ್ ಆ ಸಂದಿಯಿಂದ ಬಲೂನಿನ ಹಾಗೆ ಹೊರಗೆ ಉಬ್ಬುತ್ತದೆ, ಅದರೊಳಗೆ ಗೊಬ್ಬರವೂ ಬರುತ್ತದೆ. ನಮ್ಮ ಹೊಟ್ಟೆಯೂ ಹಾಗೇ. ಹೊರಗೆ ಸ್ನಾಯುಗಳ ಗೋಡೆ, ಒಳಗೆ ತೆಳುವಾದ ಪೊರೆ, ಅದರೊಳಗೆ ಕರುಳು ಮತ್ತು ಕೊಬ್ಬು. ಗೋಡೆ ಎಲ್ಲಿ ದುರ್ಬಲವೋ ಅಲ್ಲಿ ಪೊರೆ ಹೊರಗೆ ಉಬ್ಬುತ್ತದೆ, ಅದರ ಹಿಂದೆ ಕೊಬ್ಬೋ ಕರುಳೋ ಇಳಿದು ಬರುತ್ತದೆ. ಅದೇ ಹರ್ನಿಯಾ.

ಚೀಲದ ಹೋಲಿಕೆಯನ್ನು ಇನ್ನೂ ಸ್ವಲ್ಪ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೊರಗೆ ಉಬ್ಬಿದ ಭಾಗ ದೊಡ್ಡದಿರಬಹುದು, ಆದರೆ ಅದು ಹೊರಬಂದ ಬಾಯಿ ಚಿಕ್ಕದೇ. ಅಪಾಯ ಇರುವುದು ಆ ಬಾಯಲ್ಲಿ. ಉಬ್ಬು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಬಾಯಿ ಎಷ್ಟು ಬಿಗಿ ಅನ್ನುವುದು ಮುಖ್ಯ. ನಿಂಬೆಕಾಯಿಯಷ್ಟೇ ಇದೆ, ಏನೂ ಆಗಲ್ಲ ಬಿಡು ಅನ್ನುವ ಮಾತಿಗೆ ಅರ್ಥ ಇಲ್ಲದಿರುವುದು ಇದಕ್ಕೇ.

ನಮ್ಮ ಹಳಬರು ಇದನ್ನು ಅಂಡವಾಯು ಅಂತಾರೆ, ಕೆಲವರು ಕರುಳು ಇಳಿದಿದೆ ಅಂತಾರೆ. ತೊಂದರೆ ಏನೆಂದರೆ ಬೀಜದ (ವೃಷಣದ) ಚೀಲದಲ್ಲಿ ನೀರು ತುಂಬಿ ದಪ್ಪವಾದರೂ ಅದೇ ಅಂಡವಾಯು ಅನ್ನುವ ಹೆಸರು. ಎರಡೂ ಬೇರೆ ಬೇರೆ ಕಾಯಿಲೆ. ಪಕ್ಕದ ಮನೆಯವರಿಗೆ ಹತ್ತು ವರ್ಷದಿಂದ ಇದೆ, ಏನೂ ಆಗಿಲ್ಲ ಅಂದರೆ ಅವರದ್ದು ನೀರಿನದ್ದೂ ಆಗಿರಬಹುದು.

2. ಮನೆಯಲ್ಲೇ ಹೀಗೆ ನೋಡಿಕೊಳ್ಳಿ

ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ನೇರ ನಿಂತುಕೊಳ್ಳಿ. ತೊಡೆ ಮತ್ತು ಹೊಟ್ಟೆ ಸೇರುವ ಮಡಿಕೆಯ ಮೇಲೆ ಬೆರಳು ಇಟ್ಟು ಜೋರಾಗಿ ಕೆಮ್ಮಿ. ಬೆರಳಿಗೆ ಏನೋ ಬಂದು ತಾಕಿದ ಹಾಗಾಗುತ್ತದಾ? ಉಬ್ಬು ಕಾಣುತ್ತದಾ? ಈಗ ಮಲಗಿಕೊಳ್ಳಿ. ಉಬ್ಬು ತಾನಾಗಿ ಮಾಯವಾದರೆ, ಅಥವಾ ಮೆಲ್ಲಗೆ ಒತ್ತಿದಾಗ ಗುಳುಗುಳು ಅಂತ ಒಳಗೆ ಹೋದರೆ, ಅದು ಹೆಚ್ಚುಕಡಿಮೆ ಹರ್ನಿಯಾವೇ. ಎರಡೂ ಕಡೆ ನೋಡಿ. ಹೊಕ್ಕುಳ, ಹೊಕ್ಕುಳದ ಮೇಲಿನ ನಡುಗೆರೆ, ಹಿಂದೆ ಯಾವುದಾದರೂ ಆಪರೇಷನ್ ಆಗಿದ್ದರೆ ಆ ಹೊಲಿಗೆಯ ಗುರುತು, ಇವನ್ನೂ ಹಾಗೇ ಕೆಮ್ಮಿ ನೋಡಿ.

ಮಲಗಿದರೂ ಕರಗದೆ, ಕೆಮ್ಮಿದರೂ ಅಲ್ಲಾಡದೆ, ಬೀಜದ ಚೀಲದಲ್ಲಿ ಮಾತ್ರ ಊತ ಇದ್ದರೆ ಅದು ನೀರಿನದ್ದಿರಬಹುದು. ತೊಡೆಸಂದಿಯಲ್ಲಿ ಗೋಲಿಯಂಥ ಗಟ್ಟಿ ಗಂಟಾದರೆ ಅಲ್ಲಿನ ನಂಜು ತಡೆಯುವ ಗ್ರಂಥಿ (ದುಗ್ಧಗ್ರಂಥಿ) ಊದಿಕೊಂಡಿರಬಹುದು, ಕಾಲಿಗೆ ಗಾಯವಾದಾಗಲೂ ಹಾಗಾಗುತ್ತದೆ. ಇದನ್ನು ಬಿಡಿಸಿ ಹೇಳಬೇಕಾದವರು ಡಾಕ್ಟರೇ. ಇನ್ನೊಂದು ಮಾತು, ಹುಡುಗರಿಗೆ ಬೀಜದಲ್ಲಿ ಇದ್ದಕ್ಕಿದ್ದ ಹಾಗೆ ಭಾರೀ ನೋವು ಬಂದರೆ ಹರ್ನಿಯಾ ಇರಬಹುದು ಅಂತ ಬೆಳಗಿನವರೆಗೆ ಕಾಯಬೇಡಿ. ಬೀಜ ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಅದು ಕೈಬಿಟ್ಟು ಹೋಗುತ್ತದೆ.

ಶುರುವಿನಲ್ಲಿ ನೋವೇ ಇಲ್ಲದಿರಬಹುದು. ನನಗೆ ಇದ್ದದ್ದು ಒಂಥರಾ ಎಳೆತ, ಸಂಜೆಯಾಗುತ್ತಾ ಭಾರ, ಬೈಕ್ ಮೇಲೆ ತುಂಬ ಹೊತ್ತು ಕೂತರೆ ಉರಿ. ಬೆಳಿಗ್ಗೆ ಏನೂ ಇಲ್ಲ. ಬೆಳಿಗ್ಗೆ ಏನೂ ಇರಲ್ಲ ಅನ್ನುವುದೇ ಮೋಸ ಮಾಡುವುದು. ರಾತ್ರಿಯೆಲ್ಲ ಮಲಗಿರುವುದರಿಂದ ಇಳಿದದ್ದು ಒಳಗೆ ಹೋಗಿರುತ್ತದೆ, ಅಷ್ಟೇ.

3. ನಿಮ್ಮದು ಯಾವ ಬಗೆಯದು

ಹೊಟ್ಟೆ ಗೋಡೆಯ ಹರ್ನಿಯಾ ನೂರು ತೆಗೆದುಕೊಂಡರೆ ಸುಮಾರು 75 ತೊಡೆಸಂದಿನಲ್ಲೇ ಇರುತ್ತವೆ. ಗಂಡಸರಲ್ಲಿ ನೂರಕ್ಕೆ ಸುಮಾರು 27 ಜನರಿಗೆ ಜೀವಮಾನದಲ್ಲಿ ಒಂದು ಸಲವಾದರೂ ಇದು ಬರುತ್ತದೆ, ಹೆಂಗಸರಲ್ಲಿ ಸುಮಾರು 3 ಜನರಿಗೆ. ಅಂದರೆ ನಾಲ್ಕು ಜನ ಗಂಡಸರು ಕಟ್ಟೆ ಮೇಲೆ ಕೂತಿದ್ದರೆ ಒಬ್ಬರ ಕಾಯಿಲೆ ಇದು. ಇಷ್ಟು ಮಾಮೂಲಿಯಾದದ್ದಕ್ಕೆ ಇಷ್ಟು ನಾಚಿಕೆ ಯಾಕೆ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಗಂಡಸರಿಗೇ ಯಾಕೆ ಜಾಸ್ತಿ ಅನ್ನುವುದಕ್ಕೆ ಕಾರಣ ಹುಟ್ಟುವ ಮೊದಲೇ ಇದೆ. ಗಂಡುಮಗು ತಾಯಿಯ ಹೊಟ್ಟೆಯಲ್ಲಿರುವಾಗ ಅದರ ಬೀಜಗಳು ಮೊದಲು ಹೊಟ್ಟೆಯೊಳಗೇ ಇರುತ್ತವೆ. ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ಒಂದು ಸುರಂಗದಂಥ ದಾರಿಯಲ್ಲಿ ಕೆಳಗಿಳಿದು ಚೀಲ ಸೇರುತ್ತವೆ. ಇಳಿಯುವಾಗ ಹೊಟ್ಟೆಯ ಪೊರೆಯನ್ನೂ ಜೊತೆಗೆ ಸ್ವಲ್ಪ ಎಳೆದುಕೊಂಡು ಬರುತ್ತವೆ. ಆಮೇಲೆ ಆ ಪೊರೆಯ ದಾರಿ ಮುಚ್ಚಿಕೊಳ್ಳಬೇಕು. ಕೆಲವರಲ್ಲಿ ಮುಚ್ಚುವುದಿಲ್ಲ. ಆ ಬಾಗಿಲು ಹಾಗೇ ತೆರೆದಿದ್ದು ಕೆಲವರಿಗೆ ಹುಟ್ಟಿದ ತಿಂಗಳಲ್ಲೇ, ಕೆಲವರಿಗೆ ಮೂವತ್ತನೇ ವಯಸ್ಸಿಗೆ ಕರುಳು ಅದರೊಳಗೆ ಜಾರುತ್ತದೆ. ಬಲಗಡೆ ಬೀಜ ಎಡಗಡೆಗಿಂತ ತಡವಾಗಿ ಇಳಿಯುತ್ತದೆ, ಹಾಗಾಗಿ ಬಲಗಡೆಯೇ ಹೆಚ್ಚು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇನ್ನೂ ಜಾಸ್ತಿ. ಇದು ಒಂದು ಬಗೆ. ಈ ಬಗೆಯದು ಬೆಳೆದರೆ ಬೀಜದ ಚೀಲದವರೆಗೂ ಇಳಿಯುತ್ತದೆ.

ಅದೇ ಜಾಗದ ಇನ್ನೊಂದು ಬಗೆ ವಯಸ್ಸಾದವರದು. ಅವರಿಗೆ ಹುಟ್ಟಿನ ದಾರಿ ತೆರೆದಿರುವುದಿಲ್ಲ, ವರ್ಷಗಟ್ಟಲೆ ಒತ್ತಡ ಬಿದ್ದು ಗೋಡೆಯೇ ತೆಳುವಾಗಿ ಹಿಂದಿನಿಂದ ನೇರವಾಗಿ ಉಬ್ಬುತ್ತದೆ. ಬಾಯಿ ಅಗಲ ಇರುವುದರಿಂದ ಇದು ಸಿಕ್ಕಿಕೊಳ್ಳುವುದು ಕಡಿಮೆ. ಹೊರಗಿನಿಂದ ನೋಡಿ ಇದು ಯಾವುದು ಅಂತ ನಮಗೆ ತಿಳಿಯುವುದಿಲ್ಲ, ಹಾಗಾಗಿ ನನ್ನದು ಅಪಾಯ ಇಲ್ಲದ್ದು ಅಂತ ನಾವೇ ತೀರ್ಮಾನ ಮಾಡಿಕೊಳ್ಳುವ ಹಾಗಿಲ್ಲ.

ಹೆಂಗಸರು ಈ ಭಾಗ ಸ್ವಲ್ಪ ಗಮನ ಕೊಟ್ಟು ಓದಿ. ತೊಡೆಸಂದಿನ ಮಡಿಕೆಯ ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಬರುವ ಇನ್ನೊಂದು ಹರ್ನಿಯಾ ಇದೆ. ರಕ್ತನಾಳ ಕಾಲಿಗೆ ಇಳಿಯುವ ದಾರಿಯ ಪಕ್ಕದ ಇಕ್ಕಟ್ಟಿನಲ್ಲಿ ಅದು ತೂರಿಕೊಳ್ಳುತ್ತದೆ. ಇದು ಗಂಡಸರಿಗಿಂತ ಹೆಂಗಸರಿಗೆ, ಅದರಲ್ಲೂ ವಯಸ್ಸಾದವರಿಗೆ ಹೆಚ್ಚು. ಗಾತ್ರ ಅಡಿಕೆಯಷ್ಟೇ ಇದ್ದೀತು, ಸೀರೆ ಲಂಗದ ಒಳಗೆ ಕಣ್ಣಿಗೇ ಬೀಳುವುದಿಲ್ಲ. ಆದರೆ ಬಾಯಿ ತುಂಬ ಬಿಗಿ, ಅದಕ್ಕೇ ಉಳಿದವಕ್ಕಿಂತ ಬೇಗ ಸಿಕ್ಕಿಕೊಳ್ಳುತ್ತದೆ. ವಯಸ್ಸಾದ ಅಜ್ಜಿಗೆ ಹೊಟ್ಟೆ ಉಬ್ಬರ, ವಾಂತಿ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರಿಗೆ ತೊಡೆಸಂದಿಯನ್ನೂ ನೋಡಿ ಅಂತ ನೀವೇ ಹೇಳಿ. ಅಜ್ಜಿ ತಾನಾಗಿ ತೋರಿಸುವುದಿಲ್ಲ.

ಹೊಕ್ಕುಳದ್ದು ಎರಡು ಕಥೆ. ಎಳೆ ಮಕ್ಕಳಿಗೆ ಅತ್ತಾಗ ಹೊಕ್ಕುಳ ಉಬ್ಬಿದರೆ ಹೆದರಬೇಕಾಗಿಲ್ಲ, ಬಹುಪಾಲು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ನಾಣ್ಯ ಇಟ್ಟು ಬಟ್ಟೆ ಬಿಗಿಯುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಅದರಿಂದ ಬೇಗ ಮುಚ್ಚುವುದಿಲ್ಲ, ಎಳೆ ಚರ್ಮ ಉಜ್ಜಿ ಹುಣ್ಣಾಗಿ ಕೀವಾಗುತ್ತದೆ. ದೊಡ್ಡವರ ಹೊಕ್ಕುಳದ್ದು ಮಾತ್ರ ತಾನಾಗಿ ಮುಚ್ಚುವುದೇ ಇಲ್ಲ. ಹಲವು ಹೆರಿಗೆ ಆದವರಲ್ಲಿ, ಬೊಜ್ಜು ಇರುವವರಲ್ಲಿ, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಇದು ಬರುತ್ತದೆ.

ಆದರೆ ಮಕ್ಕಳಿಗೆ ತೊಡೆಸಂದಿನಲ್ಲಿ ಉಬ್ಬು ಬಂದರೆ ಹೊಕ್ಕುಳದ್ದರ ಹಾಗೆ ಕಾಯುವಂತಿಲ್ಲ. ಅದು ತಾನಾಗಿ ವಾಸಿಯಾಗುವುದಿಲ್ಲ, ಪುಟ್ಟ ಮಕ್ಕಳಲ್ಲಿ ಬೇಗ ಸಿಕ್ಕಿಕೊಳ್ಳುತ್ತದೆ. ಈ ಎರಡನ್ನೂ ಒಂದೇ ಅಂದುಕೊಂಡು ಕಾಯುವ ತಂದೆ ತಾಯಿ ಜಾಸ್ತಿ.

ಹಳೆಯ ಆಪರೇಷನ್ ಜಾಗದಲ್ಲಿ ಬರುವುದು ಇನ್ನೊಂದು. ಸಿಸೇರಿಯನ್, ಗರ್ಭಕೋಶ ತೆಗೆಸಿದ್ದು, ಅಪೆಂಡಿಕ್ಸ್, ಯಾವುದಾದರೂ ಆಗಲಿ, ಹೊರಗೆ ಗಾಯ ಮಾಗಿದ್ದರೂ ಒಳಗಿನ ಹೊಲಿಗೆ ಸರಿಯಾಗಿ ಕೂಡದೇ ಇದ್ದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಅಲ್ಲಿ ಉಬ್ಬು ಕಾಣುತ್ತದೆ. ಆಪರೇಷನ್ ಆದಾಗ ಗಾಯದಲ್ಲಿ ಕೀವಾಗಿದ್ದವರಿಗೆ ಸಾಧ್ಯತೆ ಹೆಚ್ಚು. ಹೆರಿಗೆ ಆದ ಮೇಲಿನ ಹೊಟ್ಟೆ ಅಂತ ಎಷ್ಟೋ ಹೆಂಗಸರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎದೆ ಮೂಳೆ ಮತ್ತು ಹೊಕ್ಕುಳದ ನಡುವೆ ಬಟಾಣಿಯಂಥ ಗಂಟು ಬಂದರೆ ಅದೂ ಹರ್ನಿಯಾ ಇರಬಹುದು, ಸಾಮಾನ್ಯವಾಗಿ ಬರೀ ಕೊಬ್ಬು ಹೊರಬಂದಿರುತ್ತದೆ. ಇನ್ನು ಹೊರಗೆ ಕಾಣದೇ ಇರುವುದು ಒಂದಿದೆ, ಹಯಾಟಸ್ ಹರ್ನಿಯಾ. ಎದೆಗೂ ಹೊಟ್ಟೆಗೂ ನಡುವಿನ ವಪೆಯಲ್ಲಿ ಅನ್ನನಾಳ ಇಳಿಯುವ ತೂತಿನಿಂದ ಜಠರದ ಮೇಲ್ಭಾಗ ಎದೆಯ ಕಡೆಗೆ ಏರುವುದು. ಎದೆಯುರಿ, ಹುಳಿತೇಗು, ಮಲಗಿದಾಗ ಗಂಟಲಿಗೆ ಹುಳಿ ಬರುವುದು ಅದರ ಲಕ್ಷಣ. ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು, ಮಾಡಿದರೆ ತಿಳಿಯುತ್ತದೆ. ಬಹಳಷ್ಟು ಜನರಿಗೆ ಮಾತ್ರೆ, ರಾತ್ರಿ ಬೇಗ ಊಟ, ಮಂಚದ ತಲೆಭಾಗ ಎತ್ತರಿಸುವುದು ಇಷ್ಟರಲ್ಲೇ ಸರಿಹೋಗುತ್ತದೆ. ಈ ಲೇಖನದ ಉಳಿದ ಮಾತು ಅದಕ್ಕೆ ಅನ್ವಯಿಸುವುದಿಲ್ಲ.

4. ಯಾಕೆ ಬಂತು ಅಂತ ಹುಡುಕಿ, ಇದು ಚಿಕಿತ್ಸೆಯ ಭಾಗವೇ

ಎಲ್ಲರೂ ಹೇಳುವುದು ಒಂದೇ, ಭಾರ ಎತ್ತಿದ್ದಕ್ಕೆ ಬಂತು ಅಂತ. ಅರ್ಧ ನಿಜ. ದುರ್ಬಲ ಜಾಗ ಮೊದಲು ಇರಬೇಕು, ಆಮೇಲೆ ಒಳಗಿನಿಂದ ಒತ್ತಡ ಬೀಳಬೇಕು. ಒಂದೇ ಅಂಗಳದಲ್ಲಿ 50 ಕೆಜಿ ಸಿಮೆಂಟ್ ಚೀಲ ಹೊರುವ ಹತ್ತು ಜನರಲ್ಲಿ ಎಲ್ಲರಿಗೂ ಬರುವುದಿಲ್ಲ, ಕಂಪ್ಯೂಟರ್ ಮುಂದೆ ಕೂರುವ ನನಗೆ ಬಂತು. ಅಪ್ಪನಿಗೆ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು, ಗೋಡೆಗೆ ಗಟ್ಟಿತನ ಕೊಡುವ ನಾರಿನ ಗುಣವೇ ಮನೆತನದಲ್ಲಿ ಹಾಗೆ ಬಂದಿರುತ್ತದೆ.

ಒತ್ತಡ ಎಲ್ಲೆಲ್ಲಿಂದ ಬರುತ್ತದೆ ನೋಡಿ. ನಿಲ್ಲದ ಕೆಮ್ಮು. ಮಲಬದ್ಧತೆಯಾಗಿ ದಿನಾ ತಿಣುಕುವುದು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) ಊದಿಕೊಂಡು ಮೂತ್ರಕ್ಕೆ ತಿಣುಕುವುದು. ಬಸುರಿ. ಬೊಜ್ಜು. ತಲೆ ಮೇಲೆ, ಬೆನ್ನ ಮೇಲೆ ಭಾರ. ಕೆಮ್ಮುವಾಗ ಹೊಟ್ಟೆಯೊಳಗೆ ಎಷ್ಟು ಜೋರಾಗಿ ಒತ್ತಡ ಏಳುತ್ತದೆ ಅನ್ನುವುದು ಹರ್ನಿಯಾ ಬಂದವರಿಗೆ ಚೆನ್ನಾಗಿ ಗೊತ್ತು. ಬೀಡಿ ಸಿಗರೇಟು ಮೂರು ಕಡೆಯಿಂದ ಹೊಡೆಯುತ್ತದೆ, ಕೆಮ್ಮು ತರುತ್ತದೆ, ಜೊತೆಗೆ ಆ ನಾರನ್ನೂ ಸಡಿಲ ಮಾಡುತ್ತದೆ, ಗಾಯ ಕೂಡುವುದನ್ನೂ ತಡಮಾಡುತ್ತದೆ. ಕೆಮ್ಮು, ಮಲ, ಮೂತ್ರ ಈ ಮೂರನ್ನು ಸರಿಮಾಡಿಕೊಳ್ಳದೆ ಆಪರೇಷನ್ ಮಾಡಿಸಿದರೆ ಹೊಸ ಹೊಲಿಗೆಯ ಮೇಲೂ ಅದೇ ಒತ್ತಡ ಬೀಳುತ್ತದೆ. ಅಪ್ಪನಿಗೆ ಅವಸರದಲ್ಲಿ ಆಪರೇಷನ್ ಆದದ್ದರಿಂದ ಇದಕ್ಕೆಲ್ಲ ಸಮಯವೇ ಇರಲಿಲ್ಲ, ಹೊಲಿಗೆ ಹಾಕಿದ ಮೇಲೆ ಒಂದು ವಾರ ಅವರು ಕೆಮ್ಮಿದಾಗೆಲ್ಲ ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ.

5. ಈ ಗುರುತುಗಳು ಕಂಡರೆ ಆಗಲೇ ಹೊರಡಿ

ಇದನ್ನು ಮನೆಯವರೆಲ್ಲ ಓದಬೇಕು. ಯಾವಾಗಲೂ ಒಳಗೆ ಹೋಗುತ್ತಿದ್ದ ಗಂಟು ಹೋಗುತ್ತಿಲ್ಲ, ಗಟ್ಟಿಯಾಗಿದೆ, ನೋವು ಇದ್ದಕ್ಕಿದ್ದ ಹಾಗೆ ಜಾಸ್ತಿಯಾಗಿ ನಿಲ್ಲುತ್ತಿಲ್ಲ. ಮೇಲಿನ ಚರ್ಮ ಕೆಂಪೋ ಕಪ್ಪೋ ಆಗುತ್ತಿದೆ. ವಾಂತಿ. ಹೊಟ್ಟೆ ಉಬ್ಬಿ ಗಾಳಿಯೂ ಹೋಗುತ್ತಿಲ್ಲ, ಮಲವೂ ಆಗುತ್ತಿಲ್ಲ. ಜ್ವರ. ಇದರಲ್ಲಿ ಒಂದೆರಡು ಸೇರಿದರೂ ಸಾಕು, ಕರುಳು ಆ ಬಿಗಿ ಬಾಯಲ್ಲಿ ಸಿಕ್ಕಿಕೊಂಡು ಅದಕ್ಕೆ ರಕ್ತ ನಿಲ್ಲುತ್ತಿದೆ ಅಂತ ತಿಳಿಯಿರಿ. ರಕ್ತ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ, ಸತ್ತ ಕರುಳು ತೂತಾದರೆ ಹೊಟ್ಟೆಯೆಲ್ಲ ನಂಜಾಗುತ್ತದೆ.

ಆ ಹೊತ್ತಿನಲ್ಲಿ ಮಾಡಬಾರದ್ದು ಹೇಳುತ್ತೇನೆ. ಬಲವಂತವಾಗಿ ಒಳಗೆ ತಳ್ಳಬೇಡಿ, ಕೆಟ್ಟ ಕರುಳನ್ನು ಒಳಗೆ ತಳ್ಳಿದರೆ ಗಂಟು ಮಾಯವಾಗಿ ಅಪಾಯ ಮಾತ್ರ ಉಳಿಯುತ್ತದೆ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಬಿಸಿ ಶಾಖ ಬೇಡ. ಹರಳೆಣ್ಣೆ ಕುಡಿಸಬೇಡಿ. ನೀರು, ಊಟ ಏನೂ ಕೊಡಬೇಡಿ, ಆಪರೇಷನ್ ಬೇಕಾಗಬಹುದು. 108ಕ್ಕೆ ಫೋನ್ ಮಾಡಿ, ಸರ್ಜನ್ ಇರುವ ಆಸ್ಪತ್ರೆಗೇ ಹೋಗಬೇಕು ಅಂತ ಹೇಳಿ. ಹಾದಿಯಲ್ಲಿ ಗ್ಯಾಸ್ ಇಂಜೆಕ್ಷನ್ ಹಾಕಿಸಿಕೊಂಡು ಬೆಳಿಗ್ಗೆ ನೋಡೋಣ ಅಂತ ಹಿಂದಿರುಗಬೇಡಿ.

6. ಯಾರಿಗೆ ತೋರಿಸಬೇಕು, ಏನು ಹೇಳಬೇಕು

ಜನರಲ್ ಸರ್ಜನ್. ಮಕ್ಕಳಾದರೆ ಮಕ್ಕಳ ಸರ್ಜನ್. ಹೆಂಗಸರಿಗೆ ಮುಜುಗರವಾದರೆ ಲೇಡಿ ಡಾಕ್ಟರ್ ಇದ್ದಾರಾ ಅಂತ ಕೇಳಬಹುದು, ಅಥವಾ ನರ್ಸ್ ಜೊತೆಗಿರಲಿ ಅನ್ನಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ನಿಲ್ಲಿಸಿ ಕೆಮ್ಮಿಸಿ ನೋಡುತ್ತಾರೆ, ಎರಡು ನಿಮಿಷದ ಕೆಲಸ. ಹೆಚ್ಚಿನವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ. ಅನುಮಾನ ಇದ್ದರೆ ಅಲ್ಟ್ರಾಸೌಂಡ್, ಹಳೆ ಆಪರೇಷನ್ ಜಾಗದ ದೊಡ್ಡ ಹರ್ನಿಯಾಕ್ಕೆ ಸಿ.ಟಿ. ಸ್ಕ್ಯಾನ್.

ಹೇಳಬೇಕಾದದ್ದು: ಎಷ್ಟು ದಿನದಿಂದ ಇದೆ, ಮಲಗಿದರೆ ಹೋಗುತ್ತದಾ, ಕೆಮ್ಮು ಮಲ ಮೂತ್ರದ ತೊಂದರೆ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ, ಆಸ್ಪಿರಿನ್ ಥರದ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ. ಮಾತ್ರೆ ಹಾಳೆಯನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ.

7. ಆಪರೇಷನ್ ಬೇಕೇ ಬೇಕಾ?

ಮಾತ್ರೆ, ಲೇಹ್ಯ, ವ್ಯಾಯಾಮ ಯಾವುದೂ ಆ ತೂತನ್ನು ಮುಚ್ಚುವುದಿಲ್ಲ. ಬೆಲ್ಟ್ ಕೂಡ ಅಷ್ಟೇ. ಲಂಗೋಟಿ ಬಿಗಿದು, ಬೆಲ್ಟ್ ಹಾಕಿ ಅಪ್ಪ ಆರು ವರ್ಷ ದೂಡಿದರು, ಅದು ಗಂಟನ್ನು ಒಳಗೆ ಹಿಡಿದಿಟ್ಟಿತು ಅಷ್ಟೇ, ಬಾಯಿ ಹಾಗೇ ಇತ್ತು. ಹೊರಗೆ ಬಂದ ಗಂಟಿನ ಮೇಲೆಯೇ ಬೆಲ್ಟ್ ಬಿಗಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ.

ಹಾಗಂತ ಎಲ್ಲರಿಗೂ ನಾಳೆಯೇ ಆಪರೇಷನ್ ಅಂತಲ್ಲ. ತೊಡೆಸಂದಿನ ಹರ್ನಿಯಾ ಇದ್ದೂ ಹೆಚ್ಚು ತೊಂದರೆ ಇಲ್ಲದ ಸುಮಾರು 720 ಗಂಡಸರ ಮೇಲೆ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು, 2006ರಲ್ಲಿ ಅದರ ಫಲಿತಾಂಶ ಬಂತು. ಕೆಲವರಿಗೆ ಕೂಡಲೇ ಆಪರೇಷನ್, ಉಳಿದವರಿಗೆ ಗಮನಿಸುತ್ತಾ ಕಾಯುವುದು. ಕಾದವರಲ್ಲಿ ತುರ್ತು ಪರಿಸ್ಥಿತಿ ಬಂದದ್ದು ತುಂಬ ಅಪರೂಪ, ವರ್ಷಕ್ಕೆ ಸಾವಿರ ಜನರಲ್ಲಿ ಇಬ್ಬರಿಗಿಂತ ಕಡಿಮೆ. ಆದರೆ ಅದೇ ಜನರನ್ನು ಹತ್ತು ವರ್ಷ ಹಿಂಬಾಲಿಸಿದಾಗ ಕಾದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು, ಮುಖ್ಯವಾಗಿ ನೋವು ಜಾಸ್ತಿಯಾಗಿ.

ನನ್ನ ಅಭಿಪ್ರಾಯ ಕೇಳಿದರೆ, ಕಾಯುವುದು ಅಂದರೆ ಡಾಕ್ಟರಿಗೆ ತೋರಿಸಿ, ಅವರು ಸರಿ ಅಂದ ಮೇಲೆ ಕಾಯುವುದು. ಮುಚ್ಚಿಟ್ಟುಕೊಂಡು ಕಾಯುವುದಲ್ಲ. ಸರ್ಜನ್ ಇರುವ ಆಸ್ಪತ್ರೆ ಎರಡು ತಾಸು ದೂರ ಇರುವ ಹಳ್ಳಿಯಲ್ಲಿ, ದಿನಾ ಮೂಟೆ ಎತ್ತುವವರು ಕಾಯದಿರುವುದೇ ಮೇಲು. ಹೆಂಗಸರ ತೊಡೆಸಂದಿನದ್ದು, ಮಕ್ಕಳ ತೊಡೆಸಂದಿನದ್ದು, ಒಳಗೆ ಹೋಗದೇ ಇರುವುದು, ಇವನ್ನು ಕಾಯಿಸುವುದೇ ಇಲ್ಲ. ಬಸುರಿಯರಿಗೆ ಹೊಕ್ಕುಳದ್ದೋ ತೊಡೆಸಂದಿನದ್ದೋ ಕಂಡರೆ, ಸಿಕ್ಕಿಕೊಳ್ಳದಿದ್ದರೆ, ಸಾಮಾನ್ಯವಾಗಿ ಹೆರಿಗೆ ಆಗುವ ತನಕ ನೋಡುತ್ತಾರೆ.

8. ಎಂಥ ಆಪರೇಷನ್ ಅಂತ ಕೇಳಿ ತಿಳಿಯಿರಿ

ಇಟಲಿಯ ಪಡುವಾದಲ್ಲಿ ಎಡ್ವಾರ್ಡೊ ಬಸ್ಸಿನಿ ಅನ್ನುವ ಸರ್ಜನ್ 1880ರ ದಶಕದಲ್ಲಿ ತೊಡೆಸಂದಿನ ಗೋಡೆಯನ್ನು ಪದರ ಪದರವಾಗಿ ಹೊಲಿದು ಗಟ್ಟಿ ಮಾಡುವ ವಿಧಾನ ತೋರಿಸಿದರು. ಅದಕ್ಕೆ ಮೊದಲು ಆಪರೇಷನ್ ಮಾಡಿಸಿಕೊಂಡವರಲ್ಲಿ ಬಹಳ ಜನರಿಗೆ ಮತ್ತೆ ಬರುತ್ತಿತ್ತು. ನೂರು ವರ್ಷ ಅದೇ ನಡೆಯಿತು. ಹರಿದ ಬಟ್ಟೆಯ ಎರಡು ಅಂಚನ್ನು ಎಳೆದು ಹೊಲಿದರೆ ಹೊಲಿಗೆ ಮೇಲೆ ಎಳೆತ ಬೀಳುತ್ತದಲ್ವಾ, ಅದೇ ಅದರ ಕೊರತೆ. 1980ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇರ್ವಿಂಗ್ ಲಿಕ್ಟನ್‌ಸ್ಟೈನ್ ಅಂಚುಗಳನ್ನು ಎಳೆಯದೆ ಮೇಲೊಂದು ತೇಪೆ ಹಾಕುವುದನ್ನು ರೂಢಿಗೆ ತಂದರು. ಆ ತೇಪೆಯೇ ಮೆಶ್, ಪಾಲಿಪ್ರೊಪಿಲಿನ್ ದಾರದ ಬಲೆ. ನಮ್ಮ ಸ್ವಂತ ನಾರು ಆ ಬಲೆಯ ಕಣ್ಣುಗಳಲ್ಲಿ ಬೆಳೆದು ಹೆಣೆದುಕೊಳ್ಳುತ್ತದೆ.

ಮೆಶ್ ಅಂದ ಕೂಡಲೇ ಖರ್ಚಿನ ಭಯ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಹೇಳಲೇಬೇಕು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಅನ್ನುವ ಊರಿನ ಸರ್ಜನ್ ರವೀಂದ್ರನಾಥ ಟೋಣಗಾಂವ್ಕರ್, ದುಬಾರಿ ಮೆಶ್ ಕೊಳ್ಳಲಾಗದ ಹಳ್ಳಿ ಜನರಿಗೆ ಸೊಳ್ಳೆಪರದೆಯ ಬಟ್ಟೆಯನ್ನೇ ಸರಿಯಾಗಿ ಕ್ರಿಮಿಶುದ್ಧ ಮಾಡಿ ಬಳಸಿದರು. ಕೇಳಿದರೆ ನಂಬುವುದು ಕಷ್ಟ, ಆದರೆ ಮುಂದೆ ಉಗಾಂಡಾದಲ್ಲಿ ಸುಮಾರು 300 ಗಂಡಸರ ಮೇಲೆ ಇಂಥ ಅಗ್ಗದ ಬಲೆಯನ್ನೂ ಕಂಪನಿ ಮೆಶ್ಶನ್ನೂ ಹೋಲಿಸಿ ನೋಡಿದ ಅಧ್ಯಯನ 2016ರಲ್ಲಿ ಬಂತು, ಒಂದು ವರ್ಷದ ನಂತರ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ದುಬಾರಿ ಮೆಶ್ಶೇ ಬೇಕು ಅಂತ ಯಾರಾದರೂ ಒತ್ತಾಯ ಮಾಡಿದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ತೆರೆದು ಮಾಡುವುದೋ, ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಲ್ಯಾಪ್ರೋಸ್ಕೋಪಿಯೋ? ತೆರೆದು ಮಾಡುವುದಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ಆ ಜಾಗ ಮಾತ್ರ ಮರಗಟ್ಟಿಸಿಯೂ ಮಾಡಬಹುದು. ಲ್ಯಾಪ್ರೋಸ್ಕೋಪಿಗೆ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸಬೇಕು, ಆದರೆ ಗಾಯ ಚಿಕ್ಕದು, ಕೆಲಸಕ್ಕೆ ಬೇಗ ಮರಳಬಹುದು. ಎರಡೂ ಕಡೆ ಇದ್ದರೆ, ಒಮ್ಮೆ ತೆರೆದು ಮಾಡಿದ ಮೇಲೆ ಮತ್ತೆ ಬಂದಿದ್ದರೆ, ಲ್ಯಾಪ್ರೋಸ್ಕೋಪಿ ಅನುಕೂಲ. ಉಳಿದಂತೆ ನಿಮ್ಮ ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆಯೋ ಅದೇ ಒಳ್ಳೆಯದು. ಮಕ್ಕಳಿಗೆ ಮೆಶ್ ಹಾಕುವುದಿಲ್ಲ, ತೆರೆದ ಪೊರೆಯ ದಾರಿ ಕಟ್ಟಿದರೆ ಮುಗಿಯಿತು.

ಕೇಳಬೇಕಾದ ಇನ್ನೊಂದು ಪ್ರಶ್ನೆ, ಆಮೇಲೆ ನೋವು ಉಳಿಯುತ್ತದಾ ಅನ್ನುವುದು. ಕೆಲವರಿಗೆ ಮೂರು ತಿಂಗಳು ದಾಟಿದ ಮೇಲೂ ನೋವು ಉಳಿಯುತ್ತದೆ, ಮತ್ತೆ ಬರುವ ಸಾಧ್ಯತೆಯೂ ಸಣ್ಣ ಪ್ರಮಾಣದಲ್ಲಿ ಇರುತ್ತದೆ. ಇದನ್ನು ಮುಂಚೆಯೇ ತಿಳಿದುಕೊಂಡರೆ ಆಮೇಲೆ ಗಾಬರಿಯಾಗುವುದಿಲ್ಲ.

9. ಹಣದ ಏರ್ಪಾಡು

ಕರ್ನಾಟಕದಲ್ಲಿದ್ದರೆ ಮೊದಲು ನಿಮ್ಮ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಸರ್ಜನ್ ಇರುವ ಕಡೆ ಹರ್ನಿಯಾ ಆಪರೇಷನ್ ದಿನನಿತ್ಯದ ಕೆಲಸ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಆಪರೇಷನ್‌ಗೆ ಯೋಜನೆ ಗೊತ್ತುಮಾಡಿದ ದರ) ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಇಲ್ಲದೆ ನೇರ ಖಾಸಗಿಗೆ ಹೋದರೆ ಯೋಜನೆ ಕೈಗೆ ಹತ್ತದಿರಬಹುದು, ತುರ್ತು ಇದ್ದಾಗ ಮಾತು ಬೇರೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರಿರುತ್ತಾರೆ, ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಅವರನ್ನೇ ಕೇಳಿ.

ಖಾಸಗಿ ವಿಮೆ ಇದ್ದವರು ಪಾಲಿಸಿಯಲ್ಲಿ ಹರ್ನಿಯಾ ಅನ್ನುವ ಪದ ಹುಡುಕಿ. ಸಾಮಾನ್ಯವಾಗಿ ಮೊದಲ 24 ತಿಂಗಳು ಹರ್ನಿಯಾಗೆ ಹಣ ಕೊಡುವುದಿಲ್ಲ ಅಂತ ಬರೆದಿರುತ್ತದೆ.

10. ಆಪರೇಷನ್ ಆದ ಮೇಲೆ

ಅದೇ ದಿನ ಎದ್ದು ನಡೆಯಿರಿ. ಮಲಗಿಕೊಂಡೇ ಇದ್ದರೆ ಒಳ್ಳೆಯದು ಅನ್ನುವುದು ತಪ್ಪು. ಏಳುವಾಗ ನೇರ ಎದ್ದು ಕೂರಬೇಡಿ, ಮಗ್ಗುಲಾಗಿ ಕೈ ಊರಿ ಏಳಿ. ಕೆಮ್ಮು, ಸೀನು, ನಗು ಬಂದಾಗ ಚಿಕ್ಕ ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ, ಎಷ್ಟು ಹಿತ ಅಂತ ಹೇಳತೀರದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟವರಿಗೆ, ಅದರಲ್ಲೂ ವಯಸ್ಸಾದ ಗಂಡಸರಿಗೆ, ಮೊದಲ ದಿನ ಮೂತ್ರ ಕಟ್ಟಿಕೊಳ್ಳಬಹುದು, ಸಂಕೋಚ ಬಿಟ್ಟು ನರ್ಸ್‌ಗೆ ಹೇಳಿ.

ಎರಡು ಮೂರನೇ ದಿನ ಬೀಜದ ಚೀಲ ಊದಿ ನೀಲಿಗಟ್ಟಿದರೆ ನನ್ನ ಹಾಗೆ ಹೆದರಬೇಡಿ. ಒಳಗಿನ ರಕ್ತ ಕೆಳಗಿಳಿದಿರುತ್ತದೆ, ಬಿಗಿ ಒಳಚಡ್ಡಿ ಹಾಕಿಕೊಂಡರೆ ನೋವು ಕಡಿಮೆ, ಎರಡು ಮೂರು ವಾರದಲ್ಲಿ ಕರಗುತ್ತದೆ. ಗಾಯದ ಕೆಳಗೆ ಗಟ್ಟಿ ಗೆರೆ ಸಿಗುವುದೂ ಮಾಮೂಲಿ. ಕೆಲವರಿಗೆ ಗಂಟು ಇದ್ದ ಜಾಗದಲ್ಲೇ ನೀರು ತುಂಬಿ ಹರ್ನಿಯಾ ಮತ್ತೆ ಬಂತು ಅನ್ನಿಸುತ್ತದೆ, ಹೆಚ್ಚಿನದು ತಾನಾಗಿ ಹೀರಿಕೊಳ್ಳುತ್ತದೆ, ಆದರೂ ತೋರಿಸಿ. ಜ್ವರ, ಕೀವು, ದಿನದಿಂದ ದಿನಕ್ಕೆ ಹೆಚ್ಚಾಗುವ ನೋವು, ಮೂತ್ರ ಬಾರದಿರುವುದು, ಇವಕ್ಕೆ ಮಾತ್ರ ಕಾಯಬೇಡಿ.

ಮಲ ಗಟ್ಟಿಯಾಗದಂತೆ ನೋಡಿಕೊಳ್ಳುವುದು ಮೊದಲ ಹತ್ತು ದಿನದ ದೊಡ್ಡ ಕೆಲಸ. ನೋವಿನ ಕೆಲವು ಮಾತ್ರೆಗಳೇ ಮಲ ಕಟ್ಟಿಸುತ್ತವೆ. ನೀರು, ಸೊಪ್ಪು, ಪಪ್ಪಾಯಿ, ಬೇಕಿದ್ದರೆ ಡಾಕ್ಟರ್ ಕೊಟ್ಟ ಸಿರಪ್. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು. ಸಡನ್ ಬ್ರೇಕ್ ಹಾಕುವಾಗ ನೋವಾಗುವುದಿಲ್ಲ ಅನ್ನಿಸಿದ ಮೇಲೆ ಬೈಕ್ ಹತ್ತಿ. ಭಾರ ಎತ್ತುವವರು ನಾಲ್ಕರಿಂದ ಆರು ವಾರ ಬಿಡಬೇಕು, ಎಷ್ಟು ಅನ್ನುವುದನ್ನು ನಿಮ್ಮ ಸರ್ಜನ್ ಹತ್ತಿರ ಬಾಯಿ ಬಿಟ್ಟು ಕೇಳಿ. ಕೂಲಿ ಮಾಡುವವರಿಗೆ ಆರು ವಾರ ಅಂದರೆ ಎಷ್ಟು ಕಷ್ಟ ಅಂತ ನನಗೆ ಗೊತ್ತು, ಅದಕ್ಕೇ ಹೇಳುವುದು, ಸುಗ್ಗಿ ಇಲ್ಲದ ತಿಂಗಳು ನೋಡಿ ನೀವೇ ತಾರೀಖು ಇಟ್ಟುಕೊಳ್ಳಿ. ನಡುರಾತ್ರಿ ಸಿಕ್ಕಿಕೊಂಡರೆ ಆ ಆಯ್ಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಒಂದು ಕಡೆ ಆದವರಿಗೆ ಇನ್ನೊಂದು ಕಡೆಯೂ ಬರಬಹುದು. ತಿಂಗಳಿಗೊಮ್ಮೆ ನಿಂತು, ಕೆಮ್ಮಿ, ಬೆರಳಿಟ್ಟು ನೋಡಿಕೊಂಡರೆ ಸಾಕು. ಅಪ್ಪ ಈಗ ನೋಡಿಕೊಳ್ಳುತ್ತಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಎಡಗಡೆ ಏನೋ ಸಣ್ಣದಾಗಿ ತಾಕುತ್ತಿದೆ ಅಂತ ಅವರೇ ಬಂದು ಹೇಳಿದರು, ಅಮ್ಮ ಅಲ್ಲೇ ಕೂತಿದ್ದಾಗಲೇ.